ತೂಕ ನೋಡಿ ಪ್ಲೇಟು ಕೊಳ್ಳಬೇಡಿ

ಪ್ಲೇಟು ಕೈಗೆ ಬಂದ ಕೂಡಲೇ ನಾನು ಕವರಿನ ಚಿತ್ರ ನೋಡುವುದಿಲ್ಲ, ಹಾಡುಗಳ ಪಟ್ಟಿಯನ್ನೂ ಓದುವುದಿಲ್ಲ. ಎರಡು ಅಂಗೈಗಳ ನಡುವೆ ಅಂಚನ್ನಷ್ಟೇ ಹಿಡಿದು ಕಿಟಕಿಯ ಬಳಿ ನಿಲ್ಲುತ್ತೇನೆ. ಕೊನೆಯ ಹಾಡು ಮುಗಿದು ಲೇಬಲ್ ಶುರುವಾಗುವ ನಡುವೆ ಬೆರಳಗಲದ ಖಾಲಿ ಜಾಗವಿರುತ್ತದಲ್ಲ, ಅಲ್ಲಿಗೆ ಟಾರ್ಚನ್ನು ಓರೆಯಾಗಿ ಬಿಡುತ್ತೇನೆ. ಅಲ್ಲಿ ಸಣ್ಣ ಅಕ್ಷರಗಳಿರುತ್ತವೆ, ಕೆಲವು ಅಚ್ಚಾದವು, ಕೆಲವು ಕೈಯಲ್ಲಿ ಗೀರಿದವು. ‘ಆರ್‌ವಿಜಿ’ ಎಂದಿದ್ದರೆ ಆ ಗೆರೆಗಳನ್ನು ಕೊರೆದವರು ರೂಡಿ ವ್ಯಾನ್ ಗೆಲ್ಡರ್. ‘ಆರ್‌ಎಲ್’ ಎಂದರೆ ರಾಬರ್ಟ್ ಲುಡ್ವಿಗ್, ‘ಕೆಪಿಜಿ’ ಎಂದರೆ ಕೆವಿನ್ ಗ್ರೇ. ಸೀರೆಯ ಸೆರಗು ಮಗುಚಿ ನೇಯ್ಗೆ ನೋಡುವ ಹಾಗೆ ಇದು. ಪ್ಲೇಟಿನ ನಿಜವಾದ ಜಾತಕ ಇರುವುದು ಅಲ್ಲೇ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ‘180 ಗ್ರಾಂ, ಆಡಿಯೊಫೈಲ್ ಆವೃತ್ತಿ’ ಎಂಬ ಚಿನ್ನದ ಬಣ್ಣದ ಚೀಟಿ ಅಂಟಿಸಿದ್ದ ಒಂದು ಮರುಮುದ್ರಣವನ್ನು ಅಂಗಡಿಯೊಂದರಿಂದ ತಂದಿದ್ದೆ. ಹುಣಸೂರಿನಿಂದ ಹನಗೋಡಿನವರೆಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಮನೆಗೆ ಬಂದು ಮುಳ್ಳು ಇಳಿಸಿದರೆ, ನನ್ನ ಬಳಿ ಮೊದಲೇ ಇದ್ದ ಸಿ.ಡಿ.ಯ ಅದೇ ಬಿಗಿದ, ಒಣಕಲು ಧ್ವನಿ. ಒಳ ಅಂಚಿನಲ್ಲಿ ಕಾರ್ಖಾನೆಯ ಸಂಖ್ಯೆಯೊಂದನ್ನು ಬಿಟ್ಟರೆ ಯಾರ ಗುರುತೂ ಇರಲಿಲ್ಲ. ಸಾಮಾನ್ಯ ಎಲ್‌ಪಿ 120ರಿಂದ 140 ಗ್ರಾಂ ತೂಗುತ್ತದೆ. 180 ಗ್ರಾಮಿನದು ಅಷ್ಟು ಬೇಗ ಸೊಟ್ಟಗಾಗುವುದಿಲ್ಲ, ತಿರುಗುವಾಗ ಗಟ್ಟಿಯಾಗಿ ಕೂರುತ್ತದೆ. ಆದರೆ ಗೆರೆಯ ಆಳ ಎರಡರಲ್ಲೂ ಒಂದೇ. ತೂಕಕ್ಕೂ ಸಂಗೀತಕ್ಕೂ ನೇರ ಸಂಬಂಧವಿಲ್ಲ.

ಹಾಗಾದರೆ ಒಳ್ಳೆಯ ಮರುಮುದ್ರಣ ಅಂದರೆ ಏನು? ಗೀತೆ ಮೊದಲು ಮುದ್ರಣವಾದ ಮೂಲ ಟೇಪಿನಿಂದ ನಿಮ್ಮ ಮುಳ್ಳಿನವರೆಗೆ ಎಷ್ಟು ಕೈ ಬದಲಾಗಿದೆ ಎಂಬುದೇ ಇಲ್ಲಿನ ಲೆಕ್ಕ. ಮೊದಲು ಟೇಪನ್ನು ಓಡಿಸುತ್ತಾ, ನೈಟ್ರೋಸೆಲ್ಯುಲೋಸ್ ಲೇಪಿಸಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೆರೆ ಕೊರೆಯುತ್ತಾರೆ. ಇದಕ್ಕೆ ಲ್ಯಾಕರ್ ಎನ್ನುತ್ತಾರೆ. ಅದರ ಮೇಲೆ ಬೆಳ್ಳಿ ಸಿಂಪಡಿಸಿ, ನಿಕ್ಕಲ್ ಕೂರಿಸಿ, ಬಿಡಿಸಿ ತೆಗೆದರೆ ‘ಫಾದರ್’. ಅದರಿಂದ ‘ಮದರ್’, ಅದರಿಂದ ‘ಸ್ಟ್ಯಾಂಪರ್’. ಬಿಸಿ ಪಿವಿಸಿ ಮುದ್ದೆಯನ್ನು ಎರಡು ಸ್ಟ್ಯಾಂಪರ್‌ಗಳ ನಡುವೆ ಒತ್ತಿದರೆ ಪ್ಲೇಟು. ಒಂದೊಂದು ಹಂತದಲ್ಲೂ ಸೂಕ್ಷ್ಮ ಸದ್ದು ಸ್ವಲ್ಪ ಸವೆಯುತ್ತದೆ. ಫಾದರನ್ನೇ ಸ್ಟ್ಯಾಂಪರ್ ಮಾಡಿ ನಡುವಿನ ಹಂತಗಳನ್ನು ಕಳೆಯುವ ‘ಒನ್ ಸ್ಟೆಪ್’ ಪ್ಲೇಟುಗಳು ದುಬಾರಿಯಾಗಲು ಕಾರಣ ಇಷ್ಟೆ: ಆ ಒಂದು ಅಚ್ಚು ಸವೆದರೆ ಮತ್ತೆ ಹೊಸದಾಗಿ ಲ್ಯಾಕರ್ ಕೊರೆಯಬೇಕು. ಲ್ಯಾಕರ್ ಕೂಡ ಸುಲಭಕ್ಕೆ ಸಿಗುವ ವಸ್ತುವಲ್ಲ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್ ಕಾರ್ಖಾನೆ ಸುಟ್ಟು ಹೋದ ಮೇಲೆ ಜಗತ್ತೆಲ್ಲ ಜಪಾನಿನ ಒಂದೇ ಕಂಪನಿಯ ಕಡೆ ಕೈಚಾಚಬೇಕಾಯಿತು.

ನಿಮಿಷಕ್ಕೆ 45 ಸುತ್ತು ವೇಗದ ಎರಡು ಪ್ಲೇಟುಗಳ ಆವೃತ್ತಿ ಯಾಕೆ ಎಂದು ಹಲವರು ಕೇಳುತ್ತಾರೆ. 33⅓ ವೇಗದ ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹಾದುಹೋದರೆ, ಲೇಬಲ್ಲಿನ ಹತ್ತಿರ ಹಾದುಹೋಗುವುದು 21 ಸೆಂಟಿಮೀಟರ್ ಮಾತ್ರ. ಅದೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ ಹಾಗೆ. ಬದಿಯ ಕೊನೆಯ ಹಾಡಿನಲ್ಲಿ ‘ಸ’ಕಾರ ಸೀಳಿದಂತೆ ಕೇಳುವುದು ಇದರಿಂದಲೇ. 45ರಲ್ಲಿ ಜಾಗ ಸಿಗುತ್ತದೆ. ಬದಲಿಗೆ ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಎದ್ದು ಪ್ಲೇಟು ಮಗುಚಬೇಕು. ನನಗೇನೂ ಬೇಸರವಿಲ್ಲ.

ಚೀಟಿಯ ಮಾತನ್ನು ಪೂರ್ತಿ ನಂಬಬಾರದು ಎಂಬುದಕ್ಕೆ 2022ರ ಪ್ರಕರಣ ಸಾಕ್ಷಿ. 1977ರಿಂದ ಈ ವ್ಯಾಪಾರದಲ್ಲಿ ದೊಡ್ಡ ಹೆಸರಾದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ಪ್ಲೇಟುಗಳು ಮೂಲ ಟೇಪಿನಿಂದ ನೇರ ಬಂದವು ಎಂದು ಸಂಗ್ರಾಹಕರು ನಂಬಿದ್ದರು. ಹಲವು ವರ್ಷಗಳಿಂದ ನಡುವೆ ಡಿಜಿಟಲ್ ನಕಲು ಸೇರಿತ್ತು ಎಂಬುದನ್ನು ಅಲ್ಲಿನ ಎಂಜಿನಿಯರುಗಳೇ ಒಪ್ಪಿಕೊಂಡರು. ವಿಷಯ ನ್ಯಾಯಾಲಯಕ್ಕೆ ಹೋಗಿ, ಹಣ ಹಿಂತಿರುಗಿಸುವ ರಾಜಿಯಲ್ಲಿ ಮುಗಿಯಿತು. ಆ ಪ್ಲೇಟುಗಳು ಕೆಟ್ಟದಾಗಿ ಕೇಳುತ್ತಿದ್ದವು ಎಂದಲ್ಲ. ಬಹಳಷ್ಟು ಸೊಗಸಾಗಿಯೇ ಇದ್ದವು. ಆದರೆ ಮೂಲ ಯಾವುದು, ಕೊರೆದವರು ಯಾರು, ಒತ್ತಿದ ಕಾರ್ಖಾನೆ ಯಾವುದು ಎಂಬ ಮೂರನ್ನೂ ಬರೆಯದ ಕಂಪನಿಗೆ ನಾನು ಹೆಚ್ಚಿನ ಬೆಲೆ ಕೊಡುವುದಿಲ್ಲ.

ಮೂಲ ಟೇಪು ಇಲ್ಲದ ಕಾಲದ ಕಥೆಯೇ ಬೇರೆ. ನಮ್ಮ ಜಿಲ್ಲೆಗೂ ಆ ಕಾಲಕ್ಕೂ ನಂಟಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನ್ ಕಂಪನಿಗಾಗಿ ಹಾಡಿದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದರು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಮೈಕ್ ಇಲ್ಲದ ಕಾಲ, ಕೊಳವೆಯೊಳಗೆ ಮುಖವಿಟ್ಟು ಹಾಡಬೇಕಿತ್ತು. ಅಂಥ ಹಾಡನ್ನು ಇಂದು ಮರುಮುದ್ರಿಸಬೇಕಾದರೆ ಉಳಿದಿರುವ ಅರಗಿನ ಪ್ಲೇಟೇ ಮೂಲ. ಅದರಲ್ಲಿ ಇಲ್ಲದ ಸದ್ದನ್ನು ಯಾವ ಯಂತ್ರವೂ ತುಂಬಿಕೊಡಲಾರದು.

ಅದೇ ಅರಮನೆಯ ಮುಂದಿನ ಮಹಾರಾಜ ಜಯಚಾಮರಾಜ ಒಡೆಯರ್ ಅವರ ವಿಷಯ ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಪಾಶ್ಚಾತ್ಯ ಸಂಗೀತ ಬಲ್ಲ ಅವರು ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್‌ಗಾಗಿ ಹಣ ಕೊಟ್ಟು ಒಂದು ಸೊಸೈಟಿ ಕಟ್ಟಿಸಿದರು. ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿದ 78 ವೇಗದ ಪ್ಲೇಟುಗಳನ್ನು ಎಚ್‌ಎಂವಿ ಹೊರತಂದಿತು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನ ನಡೆದಾಗ ಮಹಾರಾಜರು 4,800 ಡಾಲರಿಗೆ ಖಾತರಿ ನಿಂತರು. ಕಚೇರಿಯನ್ನು ಮುದ್ರಿಸಿ ಮೈಸೂರಿನ ತಮ್ಮ ಸಂಗ್ರಹಕ್ಕೆ ಕಳಿಸಬೇಕು ಎಂಬುದು ಅವರ ಬಯಕೆ. ದಶಕಗಳ ಮೇಲೆ ಆ ಕಚೇರಿಯ ಮುದ್ರಣ ಮರುಬಿಡುಗಡೆಯಾಯಿತು. ಸದ್ದು ಒರಟು, ಗರಗರ ತುಂಬಾ. ಆದರೂ ಅಂದು ಹಾಡಿದ ಕರ್ಸ್ಟನ್ ಫ್ಲಾಗ್‌ಸ್ಟಾಡ್‌ರ ಕಂಠ ಆ ಗರಗರದ ಹಿಂದಿನಿಂದ ಎದ್ದು ಬರುತ್ತದೆ. ನಯವಾಗಿಸುವ ಹುಮ್ಮಸ್ಸಿನಲ್ಲಿ ಗರಗರದ ಜೊತೆ ಉಸಿರನ್ನೂ ಒರೆಸಿಹಾಕಿದ ಮರುಮುದ್ರಣಗಳಿಗಿಂತ ಇಂಥದ್ದು ನನಗೆ ಮೇಲು.

ಇನ್ನು ನಮ್ಮ ಸುತ್ತಮುತ್ತ ಸಿಗುವ ಹಳೆಯ ಪ್ಲೇಟುಗಳು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹಳೆಯ ಕನ್ನಡ ಚಿತ್ರಗೀತೆಗಳ ಪ್ಲೇಟು ಸಿಕ್ಕಿದರೆ ಅದು ಮೈಕ್‌ಸೆಟ್ಟಿನವರ ಗಂಟಿನಿಂದ ಬಂದಿರಬಹುದು ಎಂಬುದು ನೆನಪಿರಲಿ. ಮದುವೆ, ಜಾತ್ರೆಗಳಲ್ಲಿ ಭಾರದ ಮುಳ್ಳಿನ ಕೆಳಗೆ ನೂರಾರು ಸಲ ತಿರುಗಿದವು ಅವು. ಬೆಳಕಿಗೆ ಹಿಡಿದರೆ ಗೆರೆ ಕರಿ ಹೊಳಪು ಬಿಟ್ಟು ಬೂದು ಬಣ್ಣಕ್ಕೆ ತಿರುಗಿದ್ದರೆ ಸವೆದಿದೆ ಎಂದರ್ಥ, ತೊಳೆದರೂ ಬಾರದು. ಎಚ್‌ಎಂವಿ ಎಲ್‌ಪಿಗಳಲ್ಲಿ ಸಂಖ್ಯೆಯ ಮುಂದೆ ‘ಇಸಿಎಲ್‌ಪಿ’ ಇದ್ದರೆ ಮೋನೊ, ‘ಇಸಿಎಸ್‌ಡಿ’ ಇದ್ದರೆ ಸ್ಟೀರಿಯೊ. ಆ ಕಂಪನಿಯ ಡಮ್‌ಡಮ್ ಕಾರ್ಖಾನೆಯ ಒಳ್ಳೆಯ ಸ್ಥಿತಿಯ ಮೊದಲ ಮುದ್ರಣ ಸಿಕ್ಕಿದರೆ, ಅದರ ಮುಂದೆ ಇಂದಿನ ಚೀಟಿ ಅಂಟಿಸಿದ ಎಷ್ಟೋ ಮರುಮುದ್ರಣಗಳು ನಿಲ್ಲವು.

ಬಾರಿಸುವ ಯಂತ್ರದ ವಿಷಯದಲ್ಲಿ ಎರಡೇ ಮಾತು. ಪ್ಲೇಟು ಕೊರೆಯುವಾಗ ತಗ್ಗಿನ ಸದ್ದನ್ನು ಇಳಿಸಿ, ಏರು ಸದ್ದನ್ನು ಹೆಚ್ಚಿಸಿರುತ್ತಾರೆ. 1954ರ ಸುಮಾರಿಗೆ ಇದಕ್ಕೆ ಆರ್‌ಐಎಎ ಎಂಬ ಒಂದೇ ಅಳತೆ ಬಂತು. ಅದನ್ನು ತಿರುಗಿಸಿ ಸರಿಮಾಡುವುದು ಫೋನೊ ಪ್ರೀಆಂಪ್. ಅದಿಲ್ಲದೆ ನೇರ ಆಂಪ್ಲಿಫೈಯರಿಗೆ ಹಾಕಿದರೆ ಸೊಳ್ಳೆ ಗುಂಯ್ ಎಂದ ಹಾಗೆ ಕೇಳುತ್ತದೆ, ಪ್ಲೇಟಿನ ತಪ್ಪಲ್ಲ. ಎರಡನೆಯದು, ಅಮೆರಿಕದಲ್ಲಿರುವ ಮಗನೋ ಅಳಿಯನೋ ಹಳೆಯ ಟರ್ನ್‌ಟೇಬಲ್ ತಂದುಕೊಟ್ಟರೆ ವೋಲ್ಟೇಜು ಮಾತ್ರ ನೋಡಿ ಸುಮ್ಮನಾಗಬೇಡಿ. ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಎಸಿ ಸಿಂಕ್ರೊನಸ್ ಮೋಟಾರಿನ ಯಂತ್ರವಾದರೆ 33⅓ರ ಬದಲು 28ಕ್ಕೂ ಕಡಿಮೆ ವೇಗದಲ್ಲಿ ತಿರುಗುತ್ತದೆ, ರಾಜ್‌ಕುಮಾರ್ ದನಿಯೂ ನಿದ್ದೆಗಣ್ಣಿನಲ್ಲಿ ಹಾಡಿದಂತಾಗುತ್ತದೆ. 50 ಹರ್ಟ್ಸ್‌ನ ಪುಲ್ಲಿ ಹಾಕಿಸಬೇಕು.

ನಮ್ಮ ಹನಗೋಡಿನಲ್ಲಿ ಪ್ಲೇಟು ಕೊಳ್ಳುವುದಕ್ಕಿಂತ ಕಾಪಾಡುವುದು ಕಷ್ಟ. ಒಂದು ಕಡೆ ಲಕ್ಷ್ಮಣತೀರ್ಥ ಹೊಳೆ, ಇನ್ನೊಂದು ಕಡೆ ನಾಗರಹೊಳೆಯ ಕಾಡು. ಆಷಾಢ, ಶ್ರಾವಣದಲ್ಲಿ ಗೋಡೆಗೆ ಒರಗಿಸಿದ ಬೀರು ಕೂಡ ಬೆವರುತ್ತದೆ. ಪ್ಲೇಟಿಗೆ ಬೂಷ್ಟು ಹಿಡಿಯುವುದಕ್ಕಿಂತ ಮೊದಲು ಕವರಿನ ಕಾಗದಕ್ಕೆ ಹಿಡಿಯುತ್ತದೆ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಮೇಲೆ, ಪ್ಲೇಟುಗಳನ್ನು ನೇರ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಸೊಟ್ಟಗಾಗುತ್ತವೆ. ತಂಬಾಕು ಬೇಯಿಸುವ ಬ್ಯಾರನ್ನಿನ ಪಕ್ಕದ ಕೋಣೆ ಒಣಗಿರುತ್ತದೆಂದು ಅಲ್ಲಿಡುವ ಆಸೆ ಬೇಡ, ಆ ಬಿಸಿಗೆ ಪಿವಿಸಿ ಬಗ್ಗುತ್ತದೆ.

ಬೂಷ್ಟು ಬಂದೇಬಿಟ್ಟರೆ ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಲೇಬಲ್ಲಿಗೆ ತಾಗದಂತೆ, ಮೆತ್ತನೆ ಬಟ್ಟೆಯಿಂದ ಗೆರೆಯ ಗುಂಟವೇ ಸುತ್ತ ಒರೆಸಿ. ಅಡ್ಡ ಉಜ್ಜಬೇಡಿ. ಮತ್ತೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಒರೆಸಿ. 78ರ ಅರಗಿನ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಲೇಬಾರದು, ಅರಗು ಕರಗುತ್ತದೆ. ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ನೆರಳಲ್ಲಿ ನಿಲ್ಲಿಸಿದರೆ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಬೆಳಗ್ಗೆ ಹೊಸ ಒಳಕವರಿಗೇ ಹಾಕಿ. ಹಳೆಯದು ಎಷ್ಟೇ ಚೆನ್ನಾಗಿ ಕಂಡರೂ ಒಲೆಗೆ ಹಾಕಿಬಿಡಿ. ಬೂಷ್ಟು ಮುಂದಿನ ಮಳೆಗಾಲಕ್ಕೆ ಅದರಲ್ಲೇ ಕಾಯುತ್ತಿರುತ್ತದೆ.