ಅಂತೆ, ಅನುಮಾನ, ನೋಡೋಣ: ಇಂಗ್ಲಿಷಿನಲ್ಲಿ ಏನನ್ನೋಣ?

ಹೈದರಾಬಾದಿನ ಯಾವ ಐಟಿ ಕಚೇರಿಯ ಮೀಟಿಂಗಿನಲ್ಲಾದರೂ ಹತ್ತು ನಿಮಿಷ ಕೂತು ನೋಡಿ. ಅಭಿಪ್ರಾಯ ಹೇಳುವುದಕ್ಕೆ ನಮ್ಮವರ ಹತ್ತಿರ ಇರುವುದು ಮೂರೇ ಮಾತು: ಐ ಥಿಂಕ್, ಐ ಫೀಲ್, ಐ ಡೌಟ್. ಜೊತೆಗೆ ವಾಕ್ಯದ ಬಾಲಕ್ಕೊಂದು ‘ಇಟ್ ಸೀಮ್ಸ್’. ಇಷ್ಟರಲ್ಲೇ ಸಂಸಾರ ಸಾಗುತ್ತದೆ. ಬೆಂಗಳೂರಿನಲ್ಲೂ ಚೆನ್ನೈನಲ್ಲೂ ನೀವು ಇದನ್ನು ಕೇಳಿರುತ್ತೀರಿ, ಇದನ್ನು ಆಡಿಕೊಂಡು ನಗುವ ವಿಡಿಯೋಗಳಿಗೂ ಬರವಿಲ್ಲ. ನನಗೆ ಮಾತ್ರ ಈ ಮಾತುಗಳ ಒಳಗೆ ಕೂತಿರುವ ಕನ್ನಡ ಮತ್ತು ತೆಲುಗಿನ ಮೇಲೆ ಕುತೂಹಲ.

‘ಇಟ್ ಸೀಮ್ಸ್’ ತೆಗೆದುಕೊಳ್ಳಿ. ‘ಹಿ ಈಸ್ ನಾಟ್ ಕಮಿಂಗ್ ಇಟ್ ಸೀಮ್ಸ್’ ಅಂದರೆ ‘ಅವನು ಬರಲ್ವಂತೆ’. ಆ ಪುಟ್ಟ ‘ಅಂತೆ’ ದೊಡ್ಡ ಕೆಲಸ ಮಾಡುತ್ತದೆ: ಇದು ನಾನು ಕಂಡದ್ದಲ್ಲ, ಯಾರೋ ಹೇಳಿದ್ದು, ನಿಜ ಸುಳ್ಳಿನ ಭಾರ ನನ್ನ ತಲೆಗೆ ಬೇಡ. ತೆಲುಗಿನವರು ‘ರಾಡಂಟ’ ಅನ್ನುತ್ತಾರೆ. ಹಳೇ ಊರಿನ ದಖನಿಯಲ್ಲಿ ‘ನೈ ಆತಾ ಕತೇ’. ಉತ್ತರದಿಂದ ಬಂದ ಮಾತಿಗೂ ಇಲ್ಲಿನ ನೀರು ಕುಡಿದ ಮೇಲೆ ಒಂದು ‘ಅಂತೆ’ ಬೇಕಾಯಿತು ನೋಡಿ! ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಇಲ್ಲದ್ದರಿಂದ ನಾವೇ ಒಂದನ್ನು ಅಂಟಿಸಿಕೊಂಡೆವು. ತೊಂದರೆ ಏನೆಂದರೆ, ಅಮೆರಿಕದವನ ಕಿವಿಗೆ ಇಟ್ ಸೀಮ್ಸ್ ಅಂದರೆ ‘ನೋಡಿದರೆ ಹಾಗೆ ಕಾಣುತ್ತೆ’, ಅಂದರೆ ನಿಮ್ಮದೇ ಊಹೆ. ಮ್ಯಾನೇಜರ್ ಖುದ್ದಾಗಿ ಹೇಳಿದ ಸುದ್ದಿ ನಿಮ್ಮ ಊಹೆಯಾಗಿಬಿಡುತ್ತದೆ. ‘ದ ಮ್ಯಾನೇಜರ್ ಟೋಲ್ಡ್ ಮಿ’ ಅಂದರೆ ಮುಗಿಯಿತು. ಹೇಳಿದವರ ಹೆಸರು ಬೇಡವಾದರೆ ‘ಅಪರೆಂಟ್ಲಿ’ ಬಹುಮಟ್ಟಿಗೆ ನಮ್ಮ ಅಂತೆಯೇ.

ಇದಕ್ಕಿಂತ ದುಬಾರಿಯಾದದ್ದು ‘ಡೌಟ್’. ನಮ್ಮ ತಂಡದಲ್ಲಿ ಲಿಂಗಸುಗೂರಿನ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಕೆಲಸದಲ್ಲಿ ಬಲು ಚುರುಕು. ಒಂದು ರಾತ್ರಿ ಗ್ರಾಹಕರ ವೆಬ್‌ಸೈಟ್ ನಿಂತುಹೋಯಿತು. ಕಾಲ್‌ನಲ್ಲಿ ಏಳೆಂಟು ಜನ. ಐದೇ ನಿಮಿಷದಲ್ಲಿ ಅವಳು ‘ಐ ಡೌಟ್ ದ ಸರ್ಟಿಫಿಕೇಟ್ ಹ್ಯಾಸ್ ಎಕ್ಸ್‌ಪೈರ್ಡ್’ ಅಂದಳು. ಅವಳ ಮನಸ್ಸಿನಲ್ಲಿದ್ದದ್ದು ‘ಸರ್ಟಿಫಿಕೇಟಿನ ಅವಧಿ ಮುಗಿದಿದೆ ಅಂತ ನನಗೆ ಡೌಟು’. ಆ ಕಡೆಯವರಿಗೆ ಕೇಳಿಸಿದ್ದು ‘ಅವಧಿ ಮುಗಿದಿರಲಿಕ್ಕಿಲ್ಲ’. ಅದನ್ನು ಬಿಟ್ಟು ಲೋಡ್ ಬ್ಯಾಲೆನ್ಸರ್, ಡೇಟಾಬೇಸ್ ಅಂತ ಎರಡು ಗಂಟೆ ತಡಕಾಡಿದರು. ಇವಳೋ, ತಾನು ಹೇಳಿದ್ದನ್ನು ಯಾರೋ ಆಗಲೇ ನೋಡಿರುತ್ತಾರೆ ಅಂದುಕೊಂಡು ತನಗೆ ವಹಿಸಿದ ಲಾಗ್ ಓದುತ್ತಿದ್ದಳು. ಕೊನೆಗೆ ಸಿಕ್ಕಿದ್ದು ಅದೇ ಸರ್ಟಿಫಿಕೇಟು. ಮರುದಿನದ ವರದಿಯಲ್ಲಿ ಒಂದು ಸಾಲು: ಆ ಸಾಧ್ಯತೆಯನ್ನು ಹೈದರಾಬಾದ್ ತಂಡ ಮೊದಲೇ ತಳ್ಳಿಹಾಕಿತ್ತು.

ಅಪ್ರೈಸಲ್ ತಿಂಗಳು ಬೇರೆ. ಕಾಲ್ ರೆಕಾರ್ಡಿಂಗ್ ಮುಂದಿಟ್ಟುಕೊಂಡು, ನಮ್ಮ ‘ಡೌಟ್’ ನಿಮ್ಮ ‘ಸಸ್ಪೆಕ್ಟ್’ ಎಂದು ವಿವರಿಸಿ ಒಂದು ಪುಟ ಬರೆದು ಕಳಿಸಿದೆ. ಸಾಲನ್ನು ತೆಗೆದರು. ‘ಕಮ್ಯುನಿಕೇಶನ್ ಸುಧಾರಿಸಬೇಕು’ ಎಂಬ ಷರಾ ಮಾತ್ರ ಅವಳ ಅಪ್ರೈಸಲಿನಲ್ಲಿ ಹಾಗೇ ಉಳಿಯಿತು. ಎಲ್ಲರಿಗಿಂತ ಮೊದಲು ಸರಿಯಾದದ್ದನ್ನು ಹೇಳಿದವಳಿಗೆ!

ಈ ಗೊಂದಲದ ಬೇರು ನಮ್ಮ ‘ಅನುಮಾನ’ದಲ್ಲಿದೆ ಅಂತ ನನ್ನ ಅನುಮಾನ. ನ್ಯಾಯಶಾಸ್ತ್ರದಲ್ಲಿ ಅನುಮಾನವೆಂದರೆ ಹೊಗೆ ಕಂಡು ಬೆಂಕಿ ಇದೆ ಅನ್ನುವುದು, ಅದೊಂದು ಪ್ರಮಾಣ. ಆಡುಗನ್ನಡಕ್ಕೆ ಬರುವಾಗ ಅದು ಸಂಶಯವಾಯಿತು, ಆದರೆ ‘ಇದೆ’ ಅನ್ನುವ ಕಡೆಗೇ ವಾಲಿದ ಸಂಶಯ. ಇಂಗ್ಲಿಷಿನ ಡೌಟ್ ವಾಲುವುದು ‘ಇಲ್ಲ’ದ ಕಡೆಗೆ.

ಮಾತು ಹುಡುಕುವುದು ಈ ಊರಿಗೆ ಹೊಸತೇನಲ್ಲ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಪಾಠ ಶುರುಮಾಡುವ ಮುನ್ನ, ಇಂಗ್ಲಿಷ್ ಪುಸ್ತಕಗಳನ್ನು ಉರ್ದುವಿಗೆ ತರಲೆಂದೇ 1917ರಲ್ಲಿ ಒಂದು ಅನುವಾದ ಕಚೇರಿ ತೆರೆದರು. 1958ರಲ್ಲಿ ಅದೇ ಉಸ್ಮಾನಿಯಾದ ಮಗ್ಗುಲಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಿಗಾಗಿ ಕೇಂದ್ರೀಯ ಸಂಸ್ಥೆ ಬಂತು. ಈಗಿನ ಇಫ್ಲು ಅದೇ. ಲಿಂಗಸುಗೂರು ಇರುವ ರಾಯಚೂರು ಜಿಲ್ಲೆಯೂ 1956ರವರೆಗೆ ಹೈದರಾಬಾದ್ ರಾಜ್ಯದ್ದೇ. ಆ ಹುಡುಗಿಯ ಮುತ್ತಜ್ಜನ ಕಾಲದವರು ನಿಜಾಮರ ಕಚೇರಿಯಲ್ಲಿ ಉರ್ದು ಮಾತಿಗೆ ತಡವರಿಸಿರಬೇಕು.

ಆಮೇಲೆ ನಾವಿಬ್ಬರೂ ಊಟದ ಹೊತ್ತಿನಲ್ಲಿ ‘ಐ ಥಿಂಕ್’ಗೆ ಬದಲಿ ಮಾತು ಹುಡುಕತೊಡಗಿದೆವು. ಅಂತರ್ಜಾಲದಲ್ಲಿ ಸಿಗುವ ಐವತ್ತು ನುಡಿಗಟ್ಟುಗಳ ಪಟ್ಟಿ ಉಪಯೋಗಕ್ಕೆ ಬರಲಿಲ್ಲ. ಯಾವುದನ್ನು ಎಲ್ಲಿ ಹಾಕಬೇಕು ಅಂತ ಅದು ಹೇಳುವುದಿಲ್ಲ. ದಾರಿ ಸಿಕ್ಕಿದ್ದು ಕನ್ನಡದಿಂದಲೇ. ಇದೆ, ಇರಬೇಕು, ಇರಬಹುದು, ಇದೆಯೇನೋ: ಖಾತ್ರಿ ಇಳಿಯುತ್ತಾ ಹೋಗುವ ಮೆಟ್ಟಿಲುಗಳು ನಮ್ಮಲ್ಲಿ ಆಗಲೇ ಇವೆಯಲ್ಲ! ‘ಇದೆ’ ಅನ್ನುವಷ್ಟು ಖಾತ್ರಿ ಇದ್ದಾಗ ಐ ಥಿಂಕ್ ಬೇಡವೇ ಬೇಡ, ವಿಷಯ ಹೇಳಿದರೆ ಸಾಕು. ‘ಇರಬೇಕು’ಗೆ ‘ಐ ಆಮ್ ಫೇರ್ಲಿ ಶೂರ್’. ‘ಇರಬಹುದು’ಗೆ ‘ಐ ಸಸ್ಪೆಕ್ಟ್’ ಅಥವಾ ‘ಮೈ ಗೆಸ್ ಈಸ್’. ‘ಇದೆಯೇನೋ’ಗೆ ‘ಇಟ್ ಮೈಟ್ ಬಿ ವರ್ತ್ ಚೆಕಿಂಗ್’.

“ಹಂಗಾದ್ರ ಖಾತ್ರಿ ಎಷ್ಟೈತಿ ಅಂತ ನೋಡಿ ಮಾತು ಆರಿಸ್ಬೇಕೇನ್ರಿ ಸರ?” ಅಂದಳು. ಅಷ್ಟೇ. ಅವಳು ಕನ್ನಡದಲ್ಲಿ ದಿನಾ ಮಾಡುವುದೂ ಅದನ್ನೇ.

ಕೈಗೆ ಸಿಗದೆ ಸತಾಯಿಸಿದ್ದು ‘ನೋಡೋಣ’. ಮದುವೆಗೆ ಕರೆದವರಿಗೆ, ಸಾಲ ಕೇಳಿದವರಿಗೆ ‘ನೋಡೋಣ’ ಅಂದರೆ ಇಲ್ಲ ಅಂತಲೇ ಲೆಕ್ಕ, ಇಬ್ಬರಿಗೂ ಗೊತ್ತು, ಯಾರಿಗೂ ಬೇಸರವಿಲ್ಲ. ಅದನ್ನೇ ‘ಐ ವಿಲ್ ಟ್ರೈ’ ಮಾಡಿ ಕಳಿಸಿದರೆ ಅತ್ತ ಕಡೆಯವರು ಅರ್ಧ ಒಪ್ಪಿಗೆಯೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಇದಕ್ಕೆ ಸರಿಸಾಟಿ ಮಾತು ನಮಗೆ ಸಿಗಲಿಲ್ಲ. ಕೊನೆಗೆ ‘ಶುಕ್ರವಾರಕ್ಕೆ ಆಗುವುದಿಲ್ಲ, ಮಂಗಳವಾರ ಕೊಡುತ್ತೇನೆ’ ಅಂತ ಇಂಗ್ಲಿಷಿನಲ್ಲಿ ನೇರವಾಗಿ ಬರೆದೆವು.

“ಇಷ್ಟು ಮುಖಕ್ಕ ಹೊಡದಂಗ ಅಂದ್ರ ಅವರಿಗೆ ಬ್ಯಾಸರ ಆಗಂಗಿಲ್ಲೇನ್ರಿ?” ಅಂತ ಅವಳು ಕಳಿಸುವ ಮುಂಚೆ ಎರಡು ಸಲ ಕೇಳಿದಳು. ಐದು ನಿಮಿಷದಲ್ಲಿ ಉತ್ತರ ಬಂತು: ‘ಟ್ಯೂಸ್‌ಡೇ ವರ್ಕ್ಸ್.’