ಆಮ್ಲಜನಕದ ಲೆಕ್ಕ, ಹೊಣೆಯ ಲೆಕ್ಕ

ಆಸ್ಪತ್ರೆಯವರು ಜಂಬೋ ಅನ್ನುವ ದೊಡ್ಡ ಸಿಲಿಂಡರ್‌ನಲ್ಲಿ ಸುಮಾರು 7 ಘನ ಮೀಟರ್, ಅಂದರೆ 7,000 ಲೀಟರ್ ಆಮ್ಲಜನಕ ಇರುತ್ತದೆ. ಒಬ್ಬ ರೋಗಿಗೆ ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಎಷ್ಟು ಹೊತ್ತು ಬಂದೀತು? ಏಳನೇ ತರಗತಿ ಹುಡುಗ ಬಾಯಲ್ಲೇ ಹೇಳ್ತಾನೆ: 700 ನಿಮಿಷ, ಹನ್ನೊಂದು ತಾಸು ನಲವತ್ತು ನಿಮಿಷ. ಅದೇ ರೋಗಿಗೆ ಉಸಿರು ಇನ್ನೂ ಕಷ್ಟವಾಗಿ ನಿಮಿಷಕ್ಕೆ 60 ಲೀಟರ್ ಬೇಕಾಯ್ತು ಅನ್ನಿ, ಎರಡು ತಾಸೂ ಬರೋದಿಲ್ಲ. 10 ಲೀಟರ್ ಲೆಕ್ಕದಲ್ಲೇ 50 ಹಾಸಿಗೆಯ ವಾರ್ಡಿಗೆ ದಿನಕ್ಕೆ ನೂರಕ್ಕೂ ಮಿಕ್ಕಿ ಸಿಲಿಂಡರ್ ಬೇಕು. ಇದಕ್ಕೆ ಬೇಕಾದದ್ದು ಗುಣಾಕಾರ, ಭಾಗಾಕಾರ ಅಷ್ಟೇ.

ಇಷ್ಟು ಸುಲಭದ ಲೆಕ್ಕ 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ತಪ್ಪಿತು. ಸಿಲಿಂಡರ್ ತುಂಬಿಸಿಕೊಂಡು ಬರಬೇಕಾದದ್ದು ಮೈಸೂರಿನಿಂದ. ಬರಬೇಕಾದ ಹೊತ್ತಿಗೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಸತ್ತವರ ಸಂಖ್ಯೆ 24 ಅಂತ ಸುದ್ದಿ ಬಂತು. ಆಮ್ಲಜನಕ ಇಲ್ಲದೆ ಸತ್ತವರು ಮೂವರು ಮಾತ್ರ ಅನ್ನೋದು ಸರ್ಕಾರದ ಕಡೆಯ ಮೊದಲ ಮಾತು. ಚಾಮರಾಜನಗರದವರು ಮೈಸೂರಿನ ಕಡೆ ಬೊಟ್ಟು ಮಾಡಿದರು, ಮೈಸೂರಿನವರು ನಮ್ಮದೇನೂ ತಪ್ಪಿಲ್ಲ ಅಂದರು. ಕೊನೆಗೆ ಕರ್ನಾಟಕ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ಸಮಿತಿ ಮಾಡಿತು. ಆ 24 ಸಾವುಗಳಿಗೂ ಆಮ್ಲಜನಕದ ಕೊರತೆಯೇ ಕಾರಣ ಎಂದು ಸಮಿತಿ ವರದಿ ಕೊಟ್ಟಿತು.

ವಿಜ್ಞಾನ ಪತ್ರಿಕೆಯಲ್ಲಿ ರಾಜಕೀಯ ಯಾಕೆ ಅಂತ ಕೆಲವು ಮಿತ್ರರು ಕೇಳಬಹುದು. ಈ ವಿಷಯದಲ್ಲಿ ವಿಜ್ಞಾನ ಎಲ್ಲೂ ಸೋತಿರಲಿಲ್ಲ, ಅದಕ್ಕೇ. ಗಾಳಿಯಲ್ಲಿ ಆಮ್ಲಜನಕ ಶೇಕಡ 21 ಇದೆ ಅಂತ ನಾವೇ ಪಾಠ ಮಾಡ್ತೀವಿ. ಅದನ್ನು ಬೇರ್ಪಡಿಸುವ ದಾರಿ ಎರಡು. ಉಕ್ಕಿನ ಕಾರ್ಖಾನೆಗಳಲ್ಲಿ ಗಾಳಿಯನ್ನು ಅತಿಯಾಗಿ ತಂಪು ಮಾಡಿ ದ್ರವ ಮಾಡ್ತಾರೆ. ದ್ರವ ಆಮ್ಲಜನಕ ಕುದಿಯೋದು ಸೊನ್ನೆಗಿಂತ 183 ಡಿಗ್ರಿ ಕೆಳಗೆ, ಸಾಗಿಸಲು ವಿಶೇಷ ಟ್ಯಾಂಕರ್ ಬೇಕು. ಇನ್ನೊಂದು, ಆಸ್ಪತ್ರೆಯ ಅಂಗಳದಲ್ಲೇ ಇಡಬಹುದಾದ ಪಿಎಸ್‌ಎ ಘಟಕ. ಒತ್ತಡ ಹಾಕಿದ ಗಾಳಿಯನ್ನು ಜಿಯೋಲೈಟ್ ಎಂಬ ಹರಳುಗಳ ಮೇಲೆ ಹಾಯಿಸಿದರೆ ಅದು ಸಾರಜನಕವನ್ನು ಹಿಡಿದುಕೊಳ್ಳುತ್ತದೆ, ಆಮ್ಲಜನಕ ಮುಂದೆ ಹೋಗುತ್ತದೆ. ಒತ್ತಡ ಇಳಿಸಿದರೆ ಹಿಡಿದ ಸಾರಜನಕವನ್ನು ಬಿಟ್ಟು ಮತ್ತೆ ಸಿದ್ಧ. ಎರಡು ಕೊಳವೆ ಇಟ್ಟು ಸರದಿ ಮೇಲೆ ಓಡಿಸಿದರೆ ಶೇಕಡ 93ರ ಆಸುಪಾಸಿನ ಆಮ್ಲಜನಕ ಬಿಡದೆ ಸಿಗುತ್ತದೆ. ಟ್ಯಾಂಕರ್ ಬೇಡ, ಕರೆಂಟ್ ಬೇಕು.

ಇದು ಬೇಕಾಗುತ್ತದೆ ಅಂತ ಮೊದಲೇ ಗೊತ್ತಿತ್ತು. ಆರೋಗ್ಯದ ಸಂಸದೀಯ ಸ್ಥಾಯಿ ಸಮಿತಿ 2020ರ ನವೆಂಬರ್‌ನಲ್ಲೇ, ಎರಡನೇ ಅಲೆಗೆ ಐದು ತಿಂಗಳು ಮೊದಲು, ಆಮ್ಲಜನಕದ ಉತ್ಪಾದನೆ ಹೆಚ್ಚಿಸಿ, ಸಿಲಿಂಡರ್ ಬೆಲೆಗೆ ಮಿತಿ ಹಾಕಿ ಎಂದು ಹೇಳಿತ್ತು. ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳಿಗೆ 162 ಪಿಎಸ್‌ಎ ಘಟಕ ಮಂಜೂರು ಮಾಡಿತ್ತು, 201.58 ಕೋಟಿ ರೂಪಾಯಿಯನ್ನೂ ತೆಗೆದಿಟ್ಟಿತ್ತು. 2021ರ ಏಪ್ರಿಲ್ 18ರಂದು ಆರೋಗ್ಯ ಸಚಿವಾಲಯವೇ ಹೇಳಿದಂತೆ ಅವುಗಳಲ್ಲಿ ಕೂಡ್ರಿಸಿದ್ದು 33. ದುಡ್ಡು ಇತ್ತು, ತಿಳಿವಳಿಕೆ ಇತ್ತು, ಎಚ್ಚರಿಕೆ ಇತ್ತು. ಇಂಥ ದಿನದೊಳಗೆ ಇದು ಆಗಲಿಲ್ಲ ಅಂದರೆ ಜವಾಬು ಕೊಡಬೇಕಾದವರು ಯಾರು ಅನ್ನೋದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಕಾನೂನು ತೆಗೆದು ನೋಡಿದರೆ ಇದರ ಬೇರು ಕಾಣುತ್ತದೆ. ನಮ್ಮ ದೇಶದ ಸಾಂಕ್ರಾಮಿಕ ರೋಗಗಳ ಕಾಯ್ದೆ 1897ರದು, ಮುಂಬಯಿ ಪ್ಲೇಗಿನ ಗಾಬರಿಯಲ್ಲಿ ಬ್ರಿಟಿಷರು ಮಾಡಿದ್ದು. ಹುಟ್ಟಿದಾಗ ಅದರಲ್ಲಿ ಇದ್ದದ್ದು ನಾಲ್ಕೇ ಕಲಂ. ಸರ್ಕಾರ ನಿಯಮ ಮಾಡಬಹುದು, ಪ್ರಯಾಣಿಕರನ್ನು ತಪಾಸಣೆ ಮಾಡಿಸಬಹುದು, ಮಾತು ಕೇಳದವರಿಗೆ ಶಿಕ್ಷೆ ಕೊಡಬಹುದು, ಈ ಕಾಯ್ದೆಯಂತೆ ಸದ್ಭಾವನೆಯಿಂದ ಕೆಲಸ ಮಾಡಿದವರ ಮೇಲೆ ದಾವೆ ಹೂಡುವ ಹಾಗಿಲ್ಲ. ಎಲ್ಲಾ 'ಬಹುದು'. ಮೊದಲೇ ಸಿದ್ಧವಾಗಿರತಕ್ಕದ್ದು ಅನ್ನುವ ಒಂದು ಸಾಲೂ ಅದರಲ್ಲಿಲ್ಲ. ಪ್ಲೇಗಿನ ಕಾಲದ ವೈಸ್‌ರಾಯ್ ಜನರಿಗೆ ಜವಾಬು ಹೇಳಬೇಕಾದವನಲ್ಲ, ಅವನ ಕಾಯ್ದೆ ಹಾಗಿದ್ದದ್ದು ಸಹಜ. ನಾವು ಮತ ಹಾಕಲು ಶುರುಮಾಡಿ ಎಪ್ಪತ್ತು ವರ್ಷ ದಾಟಿದರೂ ಅದೇ ಕಾಯ್ದೆ ನಡೀತಾ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಎಷ್ಟೋ ಮೇಲು. ಅದರಲ್ಲಿ ಯೋಜನೆ ಮಾಡಬೇಕು ಅಂತ ಇದೆ, ರಾಷ್ಟ್ರೀಯ ಪ್ರಾಧಿಕಾರಕ್ಕೆ ಪ್ರಧಾನಿ, ಜಿಲ್ಲಾ ಪ್ರಾಧಿಕಾರಕ್ಕೆ ಕಲೆಕ್ಟರ್ ಅಧ್ಯಕ್ಷರು. 2008ರಲ್ಲೇ ರಾಷ್ಟ್ರೀಯ ಪ್ರಾಧಿಕಾರ ಜೈವಿಕ ವಿಪತ್ತುಗಳಿಗೆ ಅಂತ ಮಾರ್ಗಸೂಚಿ ಹೊರಡಿಸಿತ್ತು. ಅದು ಎಷ್ಟು ಕಪಾಟುಗಳಲ್ಲಿ ಬೆಚ್ಚಗಿತ್ತೋ!

ಇನ್ನು ಸಂವಿಧಾನದ ಪಟ್ಟಿಗಳು. ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿವೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡುವ ರೋಗವನ್ನು ತಡೆಯುವುದು ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಇಬ್ಬರದೂ. ಇಬ್ಬರದೂ ಆದದ್ದು ಕಷ್ಟ ಬಂದಾಗ ಯಾರದೂ ಅಲ್ಲದ್ದಾಗುತ್ತದೆ. 2021ರ ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರದ ಉತ್ತರ ಏನು ಗೊತ್ತೇ? ಆರೋಗ್ಯ ರಾಜ್ಯಗಳ ವಿಷಯ, ಆಮ್ಲಜನಕದ ಕೊರತೆಯಿಂದಲೇ ಸಾವು ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಹೈಕೋರ್ಟ್ ಸಮಿತಿ 24 ಸಾವು ಎಣಿಸಿ ಎರಡು ತಿಂಗಳಾಗಿತ್ತು! ಕೇಂದ್ರ ಕೇಳಲಿಲ್ಲ, ರಾಜ್ಯ ಹೇಳಲಿಲ್ಲ. ನನ್ನ ಮಟ್ಟಿಗೆ ಇದರಲ್ಲಿ ಒಂದು ಪಕ್ಷದ ತಪ್ಪು ಹುಡುಕೋದು ವ್ಯರ್ಥ, ಆ ದಿನ ಅಧಿಕಾರದಲ್ಲಿ ಬೇರೆಯವರಿದ್ದರೂ ಇದೇ ಉತ್ತರಕ್ಕೆ ಜಾಗ ಇತ್ತು.

ನಮ್ಮ ಆಂಧ್ರದ್ದೂ ಹೇಳಬೇಕು. 2021ರ ಮೇ 10ರ ರಾತ್ರಿ ತಿರುಪತಿಯ ರುಯಾ ಆಸ್ಪತ್ರೆಯಲ್ಲಿ ಸರ್ಕಾರವೇ ಹೇಳಿದ ಪ್ರಕಾರ 11 ಜನ ತೀರಿಕೊಂಡರು, ತಮಿಳುನಾಡಿನಿಂದ ಬರಬೇಕಿದ್ದ ಟ್ಯಾಂಕರ್ ತಡವಾಗಿತ್ತು. ಆದರೆ ಆಗಸ್ಟ್‌ನಲ್ಲಿ ಕೇಂದ್ರ ಕೇಳಿದಾಗ ಆಂಧ್ರ ಸರ್ಕಾರ ಕಾರಣವನ್ನು ಬರೆದು ಕೊಟ್ಟಿತು: ಟ್ಯಾಂಕ್ ತುಂಬುವುದಕ್ಕೂ ಬದಲಿ ಸಿಲಿಂಡರ್ ಸಾಲನ್ನು ಚಾಲೂ ಮಾಡುವುದಕ್ಕೂ ನಡುವೆ ಕೊಳವೆಯಲ್ಲಿ ಒತ್ತಡ ಇಳಿದು, ವೆಂಟಿಲೇಟರ್ ಮೇಲಿದ್ದ ಕೆಲವರು ಸತ್ತರು. ಇಂಥ ಉತ್ತರದಿಂದ ಸತ್ತವರು ಬರೋದಿಲ್ಲ, ನಿಜ. ಆದರೆ ಒತ್ತಡ ಇಳಿಯಿತು ಅಂತ ಒಪ್ಪಿಕೊಂಡ ಕಡೆ ಮಾತ್ರ ಒತ್ತಡ ಇಳಿದಾಗ ಕೂಗುವ ಗಂಟೆ ಬೇಕು ಅಂತ ಯಾರಾದರೂ ಯೋಚನೆ ಮಾಡಿಯಾರು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ನೇಮಕಲ್ಲು, ಬೊಮ್ಮನಹಾಳು ಕಡೆಯವರಿಗೆ ಅನಂತಪುರಕ್ಕಿಂತ ಬಳ್ಳಾರಿ ಹತ್ತಿರ. ಜ್ವರ ಜೋರಾಯ್ತು ಅಂದರೆ ಗಾಡಿ ತಿರುಗೋದು ಬಳ್ಳಾರಿ ಕಡೆಗೇ. ಮಡಕಶಿರಾದವರಿಗಂತೂ ಮೂರು ದಿಕ್ಕಿಗೂ ಕರ್ನಾಟಕ. ನಮ್ಮ ಮತ ಆಂಧ್ರದಲ್ಲಿ, ಆಸ್ಪತ್ರೆ ಕರ್ನಾಟಕದಲ್ಲಿ. ಅಲ್ಲಿಯ ಮಂತ್ರಿಗೆ ನಾವು ಮತದಾರರಲ್ಲ, ಇಲ್ಲಿಯವರಿಗೆ ಅಲ್ಲಿಯ ಹಾಸಿಗೆ ಲೆಕ್ಕಕ್ಕಿಲ್ಲ. 2020ರ ಮಾರ್ಚ್‌ನಲ್ಲಿ ಕಾಸರಗೋಡಿನ ನಮ್ಮವರಿಗೆ ಆದದ್ದು ಇದೇ. ಕರ್ನಾಟಕ ತಲಪಾಡಿಯ ಹೆದ್ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಗಡಿಯಲ್ಲೇ ನಿಂತರು, ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ತಡೆ ತೆಗೆಸಿ ಎಂದು ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಕೇಂದ್ರಕ್ಕೆ ಹೇಳಬೇಕಾಯ್ತು. ರೋಗಿಗಳನ್ನು ಬಿಡುವ ಬಗೆ ಹೇಗೆ ಅಂತ ಎರಡು ರಾಜ್ಯಗಳು ಒಪ್ಪಿಕೊಂಡದ್ದು ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿದ ಮೇಲೆ.

ಆಮ್ಲಜನಕವೂ ಹೀಗೇ ಗಡಿ ದಾಟುವ ವಸ್ತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಿಂದ ಕರ್ನಾಟಕದ ಆಸ್ಪತ್ರೆಗಳಿಗೂ ನಮ್ಮ ರಾಯಲಸೀಮೆಗೂ ಟ್ಯಾಂಕರ್ ಹೋಗುತ್ತಿತ್ತು. ಯಾರಿಗೆ ಎಷ್ಟು ಅನ್ನೋದು ದಿಲ್ಲಿಯ ಹಂಚಿಕೆ. ದಿನಕ್ಕೆ 965 ಟನ್ ಸಾಲದು, 1,200 ಕೊಡಿ ಎಂದು ಕರ್ನಾಟಕ ಹೈಕೋರ್ಟ್ ಮೇ 5ರಂದು ಆದೇಶ ಮಾಡಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿ ತಡೆಯಾಜ್ಞೆ ಸಿಗಲಿಲ್ಲ. ನ್ಯಾಯಾಧೀಶರು ಕೂತು ಟನ್ ಲೆಕ್ಕ ಹಾಕಬೇಕಾದ ಸ್ಥಿತಿ. ಇತ್ತ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನೋದಕ್ಕೂ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ: ತಾಡಿಪತ್ರಿಯಲ್ಲಿ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ 500 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಕೆಲವೇ ವಾರಗಳಲ್ಲಿ ಎದ್ದು 2021ರ ಜೂನ್‌ನಲ್ಲಿ ಶುರುವಾಯಿತು. ಅಷ್ಟರಲ್ಲಿ ಅಲೆ ಇಳಿಯುತ್ತಿತ್ತು.

ಬ್ರಿಟನ್ನಿನಲ್ಲಿ ಕಾನೂನಿನ ಬಲದ ವಿಚಾರಣಾ ಸಮಿತಿ ಪ್ರಧಾನಿ, ಮಂತ್ರಿಗಳನ್ನು ಎಲ್ಲರೆದುರು ಪ್ರಮಾಣ ಮಾಡಿಸಿ ಕೇಳಿತು. 2024ರ ಜುಲೈನಲ್ಲಿ ಬಂದ ಅದರ ಮೊದಲ ವರದಿ, ನಮ್ಮ ದೇಶ ತಪ್ಪು ಮಹಾಮಾರಿಗೆ, ಅಂದರೆ ಬರೀ ಇನ್‌ಫ್ಲುಯೆಂಜಾಕ್ಕೆ ಸಿದ್ಧವಾಗಿತ್ತು ಎಂದು ಹೇಳಿತು. ನಮ್ಮಲ್ಲೂ ಕಾಗದಗಳಿಗೆ ಬರ ಇಲ್ಲ. 1897ರ ಕಾಯ್ದೆ ಸಾಲದು ಅಂತ ಕಾನೂನು ಆಯೋಗ 2024ರಲ್ಲಿ ವರದಿ ಕೊಟ್ಟಿದೆ. ಅದೇ ವರ್ಷ ನೀತಿ ಆಯೋಗದ ತಜ್ಞರ ಗುಂಪು ಸಾರ್ವಜನಿಕ ಆರೋಗ್ಯ ತುರ್ತು ಪರಿಸ್ಥಿತಿಗೆ ಹೊಸ ಕಾಯ್ದೆ ಬೇಕು, ಪ್ರತ್ಯೇಕ ನಿಧಿ ಬೇಕು, ರೋಗ ಕಾಣಿಸಿಕೊಂಡ ಮೊದಲ 100 ದಿನ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟಿರಬೇಕು ಅಂದಿದೆ. ಆ ಹೊಸ ಕಾಯ್ದೆಯಲ್ಲಿ 'ಬಹುದು' ಎಷ್ಟು, 'ತಕ್ಕದ್ದು' ಎಷ್ಟು ಅಂತ ಎಣಿಸೋದು ನಮ್ಮ ಕೆಲಸ. ಗಡಿ ಮುಚ್ಚಿದರೂ ರೋಗಿಯ ಗಾಡಿ ಬಿಡತಕ್ಕದ್ದು ಅಂತ ಒಂದು ಸಾಲು ಅದರಲ್ಲಿ ಬರದಿದ್ದರೆ ಅದು ನಮ್ಮಂಥವರಿಗೆ ಅರ್ಧ ಕಾಯ್ದೆ.

ಅಷ್ಟರ ತನಕ ಎಂಟು, ಒಂಬತ್ತನೇ ತರಗತಿಗೆ ಒಂದು ಪ್ರಾಜೆಕ್ಟ್ ಕೊಡಬಹುದು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಎಷ್ಟು, ಆಮ್ಲಜನಕದ ಕೊಳವೆ ಎಷ್ಟಕ್ಕೆ ಇದೆ, ಪಿಎಸ್‌ಎ ಘಟಕ ಇದ್ದರೆ ಕೊನೆಯ ಸಲ ಓಡಿಸಿದ್ದು ಯಾವ ದಿನ, ಜಿಯೋಲೈಟ್ ಬದಲಾಯಿಸಿದ್ದು ಯಾವಾಗ, ಕರೆಂಟ್ ಹೋದರೆ ಜನರೇಟರ್ ಇದೆಯೇ, ಅದನ್ನು ನಡೆಸೋಕೆ ಬರುವವರು ಯಾರು. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಮೇಷ್ಟ್ರೇ ಬರೆಯಬಹುದು, 30 ದಿನದೊಳಗೆ ಉತ್ತರ ಕೊಡಬೇಕು ಅಂತ ಆ ಕಾಯ್ದೆಯಲ್ಲಾದರೂ ಇದೆ. ಮಕ್ಕಳು ಮೊದಲ ಸಾಲಿನ ಭಾಗಾಕಾರ ಮಾಡಿ, ನಮ್ಮ ಆಸ್ಪತ್ರೆಗೆ ಎಷ್ಟು ತಾಸಿನ ಉಸಿರು ಇದೆ ಅನ್ನೋ ಸಂಖ್ಯೆ ತೆಗೆಯಲಿ. ಆ ಸಂಖ್ಯೆಯ ಒಂದು ಪ್ರತಿ ಶಾಸಕರಿಗೆ, ಒಂದು ಕಲೆಕ್ಟರಿಗೆ, ಒಂದು ಗ್ರಾಮಸಭೆಗೆ.