ಬೂದಿಗುಡ್ಡಗಳೂ ಅವುಗಳನ್ನು ಓದಿದ ಗ್ರಂಥಗಳೂ

ಪ್ರಾಗಿತಿಹಾಸವನ್ನು ಕುರಿತ ಗ್ರಂಥಗಳಿಗೂ ಇತರ ಚರಿತ್ರೆಯ ಗ್ರಂಥಗಳಿಗೂ ಒಂದು ಮುಖ್ಯವಾದ ಭೇದವುಂಟು. ರಾಜವಂಶಗಳ ಚರಿತ್ರೆಯನ್ನು ಬರೆಯುವವನಿಗೆ ಶಾಸನ, ತಾಮ್ರಪಟ, ಕಾವ್ಯಗಳು ನೆರವಾಗುತ್ತವೆ. ಅಕ್ಷರವೇ ಹುಟ್ಟದಿದ್ದ ಕಾಲವನ್ನು ಬರೆಯಹೊರಟವನಿಗಾದರೋ ಕಲ್ಲು, ಮೂಳೆ, ಮಡಕೆಯ ಚೂರು, ಬೂದಿ ಇವೇ ಆಕರಗಳು. ಇವು ತಾವಾಗಿ ಏನನ್ನೂ ನುಡಿಯವು. ನುಡಿಸುವವನ ಊಹೆ ತಪ್ಪಿದರೆ ಗ್ರಂಥವೂ ತಪ್ಪುತ್ತದೆ. ಆದಕಾರಣ ಈ ಶಾಸ್ತ್ರದ ಯಾವ ಗ್ರಂಥವನ್ನೂ ಒಂಟಿಯಾಗಿ ಓದಬಾರದು. ಹಿಂದಿನದನ್ನು ಮುಂದಿನದು ಹೇಗೆ ತಿದ್ದಿತೆಂಬುದನ್ನೂ ಕೂಡಿಯೇ ಓದಬೇಕು. ಇದಕ್ಕೆ ಬಳ್ಳಾರಿ, ರಾಯಚೂರು, ಸುರಪುರ ಸೀಮೆಗಳ ಬೂದಿಗುಡ್ಡಗಳಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

ಕುಡತಿನಿಯ ಬಳಿಯಲ್ಲಿರುವಂತಹ ಗುಡ್ಡವೊಂದನ್ನು ಅಗೆದು ನೋಡಿದರೆ ಮಣ್ಣಿನ ಬದಲು ಪದರ ಪದರವಾಗಿ ಬೂದಿ ಕಾಣುತ್ತದೆ. ಕೆಲವು ಪದರಗಳು ಮೆತ್ತಗೆ ಪುಡಿಯಾಗಿದ್ದರೆ ಮತ್ತೆ ಕೆಲವು ಕರಗಿ ಗಾಜಿನಂತೆ ಗಟ್ಟಿಯಾಗಿವೆ. ಇದು ಎಲ್ಲಿಂದ ಬಂದಿತು? ಜನಪದರು ಇದನ್ನು ರಾಕ್ಷಸರನ್ನು ಸುಟ್ಟ ಬೂದಿಯೆಂದರು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯ ದಹನಸ್ಥಾನವೆಂದು ಇಂದಿಗೂ ತೋರಿಸುತ್ತಾರೆ. ವಿದ್ವಾಂಸರು ಇದನ್ನು ಕೇಳಿ ನಗಬೇಕಾಗಿಲ್ಲ. ಇದು ಪ್ರಕೃತಿಸಹಜವಾದ ಗುಡ್ಡವಲ್ಲ, ಬೆಂಕಿಯಿಂದ ಆದದ್ದು ಎಂಬ ಮೂಲತಥ್ಯವನ್ನು ಜನಪದರು ಸರಿಯಾಗಿಯೇ ಗ್ರಹಿಸಿದ್ದರು. ಜ್ವಾಲಾಮುಖಿಯ ಮಾತನ್ನು ತೆಗೆದ ಓದುಬಲ್ಲವರಿಗಿಂತ ಅವರೇ ಮೇಲು.

ಮದರಾಸು ಸೈನ್ಯದ ಅಧಿಕಾರಿ ನ್ಯೂಬೋಲ್ಡ್ 1843ರಲ್ಲಿ ಈ ದಿಬ್ಬಗಳನ್ನು ಕುರಿತು ಲೇಖನವನ್ನು ಪ್ರಕಟಿಸಿದನು. ಅನಂತರ ಬಂದವರಲ್ಲಿ ಕೆಲವರು ಸಾಮೂಹಿಕ ಶವದಹನವೆಂದರು, ಕೆಲವರು ಕಬ್ಬಿಣ ಕರಗಿಸಿದ ಕುಲುಮೆಯೆಂದರು. ನಿಜದ ದಾರಿ ಹಿಡಿದವನು ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫುಟ್. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಕಂಡು ಭಾರತದ ಪ್ರಾಗಿತಿಹಾಸಕ್ಕೆ ನಾಂದಿ ಹಾಡಿದವನು ಈತನೇ. ಈ ಬೂದಿ ಸುಟ್ಟ ಸಗಣಿಯದೆಂದೂ, ನವಶಿಲಾಯುಗದ ದನಗಾಹಿಗಳದೆಂದೂ ಈತನು ತಿಳಿದನು. ಈತನ ಸಂಗ್ರಹದ ವಿವರಣಗ್ರಂಥವು ಈತನ ಮರಣಾನಂತರ, 1916ರಲ್ಲಿ ಮದರಾಸಿನಿಂದ ಪ್ರಕಟವಾಯಿತು. ಅಷ್ಟಾದರೂ ವಾದ ನಿಲ್ಲಲಿಲ್ಲ. ಸಗಣಿ ಸುಟ್ಟರೆ ಗಾಜಾಗುವುದುಂಟೆ ಎಂಬ ಸಂಶಯ ಸಹಜವೇ ಆಗಿತ್ತು. ಹುಲ್ಲಿನಲ್ಲಿರುವ ಸಿಲಿಕಾಂಶವು ಸಗಣಿಯಲ್ಲಿ ಉಳಿದು, ಉಗ್ರವಾದ ಕಾವಿಗೆ ಕರಗಿ ಗಾಜಿನಂತಾಗುತ್ತದೆ. ಜ಼ಾಯ್ನರ್ ಎಂಬ ವಿಜ್ಞಾನಿ ಕುಡತಿನಿಯ ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ 1960ರಲ್ಲಿ ಫುಟ್ಟನ ಮತವನ್ನೇ ಸಮರ್ಥಿಸಿದನು.

ಇದಕ್ಕೆ ಕಿರೀಟಪ್ರಾಯವಾದ ಗ್ರಂಥ ಎಫ್. ಆರ್. ಆಲ್ಚಿನ್ ಅವರ ‘ನಿಯೋಲಿಥಿಕ್ ಕ್ಯಾಟಲ್ ಕೀಪರ್ಸ್ ಆಫ್ ಸೌತ್ ಇಂಡಿಯಾ’. 1963ರಲ್ಲಿ ಕೇಂಬ್ರಿಜ್‌ನಿಂದ ಹೊರಬಂದಿತು. ಇದರ ಆಧಾರ 1957ರಲ್ಲಿ ಉಟ್ನೂರಿನಲ್ಲಿ ನಡೆದ ಉತ್ಖನನ. ಆಗ ಮಹಬೂಬನಗರ ಜಿಲ್ಲೆಗೆ ಸೇರಿದ್ದ ಈ ಊರು ಈಗ ತೆಲಂಗಾಣದಲ್ಲಿದೆ. ಅಲ್ಲಿ ತಾಳೆಯ ಕಾಂಡಗಳನ್ನು ಸಾಲಾಗಿ ನೆಟ್ಟು ಮಾಡಿದ್ದ ದೊಡ್ಡಿಯ ಗೂಟಗುಳಿಗಳೂ, ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ದೊರೆತವು. ಅಕ್ಷರವರಿಯದ ಕಾಲದ ಹಸುವೊಂದು ಮೆಟ್ಟಿದ ಗುರುತು, ನಾಲ್ಕು ಸಹಸ್ರ ವರ್ಷಗಳ ಬಳಿಕ ನಾಲ್ಕಾರು ಮತಗಳನ್ನು ಒಮ್ಮೆಗೇ ತಳ್ಳಿಹಾಕಿತು! ದೊಡ್ಡಿಯಲ್ಲಿ ಕೂಡಿದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟದ್ದೇಕೆ? ಋತುಕಾಲದ ಆಚರಣೆಯಾಗಿರಬೇಕೆಂಬುದು ಆಲ್ಚಿನ್ ಅವರ ಊಹೆ. ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವುದನ್ನು ಬಲ್ಲ ಕನ್ನಡಿಗನಿಗೆ ಈ ಮಾತು ಒಡನೆಯೇ ರುಚಿಸುತ್ತದೆ. ರುಚಿಸಿದ್ದೆಲ್ಲವೂ ಸಿದ್ಧವಾದದ್ದಲ್ಲ. ಅಂತೆಯೇ ಗೋಮಯವನ್ನು ಸುಟ್ಟು ಸಿದ್ಧಪಡಿಸುವ ವಿಭೂತಿಯ ಮೂಲವನ್ನು ಈ ಗುಡ್ಡಗಳಲ್ಲಿ ಹುಡುಕುವುದೂ ಸಾಹಸವೇ ಸರಿ. ನಡುವಣ ಸಾವಿರಾರು ವರ್ಷಗಳಿಗೆ ಸೇತುವೆಯಿಲ್ಲ.

ಆಲ್ಚಿನ್ ಅವರನ್ನೂ ತಿದ್ದಿದವರುಂಟು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1989ರಿಂದ ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆಯಿಸಿದಾಗ, ಗುಡ್ಡದ ಮಗ್ಗುಲಲ್ಲೇ ಮನೆಗಳು, ಮಕ್ಕಳ ಸಮಾಧಿಗಳು, ಕಲ್ಲಿನ ಉಪಕರಣಗಳ ಕಮ್ಮಟ, ದನಗಳನ್ನು ಕಡಿದು ಮಾಂಸವನ್ನು ವಿಂಗಡಿಸುತ್ತಿದ್ದ ನೆಲ ಇವೆಲ್ಲ ಕಂಡುಬಂದವು. ಕೊನೆಯ ಸಂಗತಿ ಕೆಲವರಿಗೆ ಅಪ್ರಿಯವಾಗಬಹುದು, ಆದರೆ ಮೂಳೆಗಳು ಓದುಗನ ಮನಸ್ಸನ್ನು ನೋಡಿ ಸಾಕ್ಷಿ ನುಡಿಯುವುದಿಲ್ಲ. ಬೂದಿಗುಡ್ಡವು ಅಡವಿಯ ನಡುವಣ ಒಂಟಿ ದೊಡ್ಡಿಯಲ್ಲ, ನೆಲಸಿದ ಊರಿನ ಅಂಗವೆಂಬುದು ಇದರಿಂದ ವಿಶದವಾಯಿತು. ಅನಂತರ ಸಂಗನಕಲ್ಲು ಮೊದಲಾದೆಡೆ ದೊರೆತ ಸುಟ್ಟ ಕಾಳುಗಳಿಂದ, ಆ ಜನ ಹುರುಳಿ, ಹೆಸರುಗಳನ್ನು ಬೆಳೆಯುತ್ತಿದ್ದರೆಂಬುದೂ ತಿಳಿಯಿತು.

ಗಮನಿಸಬೇಕಾದದ್ದೇನೆಂದರೆ, ಈ ತಿದ್ದುಪಡಿಗಳೆಲ್ಲ ಸಾಧ್ಯವಾದದ್ದು ಗುಡ್ಡಗಳು ನಿಂತಿದ್ದುದರಿಂದ. ಜ಼ಾಯ್ನರ್ ಫುಟ್ಟನ ಪುಟಗಳನ್ನಷ್ಟೇ ಓದಿದ್ದರೆ ಒಂದು ಅಭಿಪ್ರಾಯಕ್ಕೆ ಇನ್ನೊಂದು ಅಭಿಪ್ರಾಯ ಸೇರುತ್ತಿತ್ತೇ ಹೊರತು ನಿರ್ಣಯವಾಗುತ್ತಿರಲಿಲ್ಲ. ಆದರೆ ಈ ಬೂದಿ ಹೊಲಕ್ಕೆ ಒಳ್ಳೆಯ ಗೊಬ್ಬರ. ಬಹುಕಾಲದಿಂದ ರೈತರು ಬಂಡಿಗಳಲ್ಲಿ ಇದನ್ನು ಸಾಗಿಸಿದ್ದಾರೆ. ರಸ್ತೆಯ ಕೆಲಸಕ್ಕೂ ಗುಡ್ಡಗಳು ಕರಗಿವೆ. ರೈತನನ್ನು ಬೈದು ಫಲವಿಲ್ಲ. ಅವನ ಮಗ ಶಾಲೆಯಲ್ಲಿ ಮೊಹೆಂಜೊದಾರೋದ ಉದ್ದಗಲಗಳನ್ನು ಬಾಯಿಪಾಠ ಮಾಡುತ್ತಾನೆ. ತನ್ನ ಊರ ಹೊರಗಿನ ದಿಬ್ಬದ ಹೆಸರನ್ನು ಅವನ ಪುಸ್ತಕದಲ್ಲಿ ಯಾರೂ ಬರೆದಿಲ್ಲ. ಆಲ್ಚಿನ್ ಅವರ ಗ್ರಂಥ ಇಂಗ್ಲಿಷಿನಲ್ಲಿದೆ, ದೊಡ್ಡ ಗ್ರಂಥಾಲಯಗಳಲ್ಲಿದೆ. ಆ ಹುಡುಗನ ಕೈಗೆ ಎಟುಕದು. ಒಬ್ಬ ಕನ್ನಡದ ಉಪಾಧ್ಯಾಯನು ಅದರ ಸಾರವನ್ನು ನಾಲ್ಕು ಪುಟಗಳಲ್ಲಿ ಬರೆದುಕೊಟ್ಟರೆ ಎಟುಕೀತು.

ಆಚರಣೆಯೋ, ಬರಿಯ ತಿಪ್ಪೆಯ ವಿಲೇವಾರಿಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಕುಡತಿನಿಯ ಗುಡ್ಡ ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಮಾರ್ಗದ ಮಗ್ಗುಲಲ್ಲಿದೆ. ಫುಟ್ಟನ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿಯಲ್ಲಿಯೇ ಇದೆ. ಎರಡನ್ನೂ ನೋಡಿ ಸಂಜೆಗೆ ಮನೆ ಸೇರಬಹುದು.